ಯುರೋಪಿನ ನಾಲ್ಕು ದೇಶ, ಮನೆಮಂದಿ ಐದು: ರೈಲು ಟಿಕೆಟ್ ಕೊಳ್ಳುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಯುರೋಪಿನ ರೈಲಿಗೆ ವೇಟಿಂಗ್ ಲಿಸ್ಟ್ ಇಲ್ಲ, ತತ್ಕಾಲ್ ಇಲ್ಲ, ಚಾರ್ಟ್ ಕೂಡ ಇಲ್ಲ. ಟಿಕೆಟ್ ಸಿಕ್ಕಿತೆಂದರೆ ಸಿಕ್ಕಿತು. ಆದರೆ ನಮ್ಮಲ್ಲಿ ಮೈಸೂರಿಗೆ ಇವತ್ತು ಕೊಂಡರೂ ಮುಂದಿನ ವಾರ ಕೊಂಡರೂ ಹೆಚ್ಚುಕಡಿಮೆ ಒಂದೇ ದರ ಅಲ್ವಾ, ಅಲ್ಲಿ ಹಾಗಲ್ಲ. ವೇಗದ ರೈಲುಗಳ ದರ ವಿಮಾನದ ಹಾಗೆ ಏರುತ್ತಾ ಹೋಗುತ್ತದೆ. ಅದೇ ದೇಶದ ಸಣ್ಣ ಊರುಗಳ ರೈಲಿಗೆ ಆರು ತಿಂಗಳ ಮುಂಚೆ ನೋಡಿದರೂ ಹೊರಡುವ ಐದು ನಿಮಿಷ ಮುಂಚೆ ನೋಡಿದರೂ ಬೆಲೆ ಅಲ್ಲಾಡುವುದಿಲ್ಲ. ಯಾವ ರೈಲು ಯಾವ ಜಾತಿಯದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಇದು ಗೊತ್ತಿಲ್ಲದೆ ಎಷ್ಟೋ ಜನ ಗಾಬರಿಯಿಂದ ಎಲ್ಲ ಟಿಕೆಟ್ ಒಂದೇ ರಾತ್ರಿ ಕೊಳ್ಳುತ್ತಾರೆ, ಇಲ್ಲಾ "ಪಾಸ್ ತೊಗೊಂಡ್ರೆ ಆಯ್ತು" ಅಂತ ದುಬಾರಿ ಪಾಸ್ ಕೊಂಡು ಕೂರುತ್ತಾರೆ.

ಉದಾಹರಣೆಗೆ ನಮ್ಮ ಮನೆಯ ಪ್ರವಾಸವನ್ನೇ ಇಟ್ಟುಕೊಳ್ಳುತ್ತೇನೆ. ನಾವಿಬ್ಬರು, 68 ವರ್ಷದ ಅಮ್ಮ, 13ರ ಮಗಳು, 7ರ ಮಗ. ಬೇಸಿಗೆ ರಜೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡಿನ ಲುಝರ್ನ್, ಆಮೇಲೆ ಮಿಲಾನ್, ಫ್ಲಾರೆನ್ಸ್, ಕೊನೆಗೆ ರೋಮ್‌ನಿಂದ ವಾಪಸ್ ವಿಮಾನ. ವಿಮಾನವನ್ನು ಹೀಗೆ ಒಂದೂರಿಗೆ ಹೋಗಿ ಇನ್ನೊಂದೂರಿಂದ ಬರುವ ಹಾಗೆ ಬುಕ್ ಮಾಡಿ. ಸುಮ್ನೆ ಹೋದ ದಾರಿಯಲ್ಲೇ ವಾಪಸ್ ಬಂದು ಒಂದು ಹಗಲು ಮತ್ತು ಐದು ಟಿಕೆಟ್ ಕಳೆದುಕೊಳ್ಳುವುದು ಬೇಡ.

ಒಂದು ಹಾಳೆ ತಗೊಳ್ಳಿ

ವೆಬ್‌ಸೈಟ್ ತೆರೆಯುವ ಮೊದಲು ಇದನ್ನು ಮಾಡಿ. ಊರಿಂದ ಊರಿಗೆ ಹೋಗುವ ಪ್ರತಿ ದಿನಕ್ಕೂ ಒಂದು ಸಾಲು ಬರೆಯಿರಿ: ತಾರೀಖು, ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿನ ಪ್ರಯಾಣ. ಜರ್ಮನಿಯ ರೈಲ್ವೆ ಡಾಯ್ಚ ಬಾನ್‌ನ ವೆಬ್‌ಸೈಟಿನಲ್ಲಿ ಯುರೋಪಿನ ಹೆಚ್ಚಿನ ದೇಶಗಳ ವೇಳಾಪಟ್ಟಿ ಸಿಗುತ್ತದೆ, ಟಿಕೆಟ್ ಅಲ್ಲಿ ಕೊಳ್ಳದಿದ್ದರೂ ಸಮಯ ನೋಡಲು ಅದೇ ಸುಲಭ. ನಮ್ಮ ಹಾಳೆಯಲ್ಲಿ ಬಂದದ್ದು ಇಷ್ಟು. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್, ಮೂರೂಕಾಲು ಗಂಟೆಯ ಆಸುಪಾಸು. ಪ್ಯಾರಿಸ್‌ನಿಂದ ಸ್ವಿಸ್ ಗಡಿಯ ಬಾಸೆಲ್‌ಗೆ ಟಿಜಿವಿ ಲೀರಿಯಾ (ಟಿಜಿವಿ ಅಂದರೆ ಫ್ರಾನ್ಸಿನ ವೇಗದ ರೈಲು), ಸುಮಾರು ಮೂರು ಗಂಟೆ, ಅಲ್ಲಿಂದ ಲುಝರ್ನ್‌ಗೆ ಸ್ವಿಸ್ ರೈಲು ಒಂದು ಗಂಟೆ. ಲುಝರ್ನ್‌ನಿಂದ ಮಿಲಾನ್‌ಗೆ ಯೂರೋಸಿಟಿ, ಇದು 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗದೊಳಗೆ ಹೋಗುತ್ತದೆ. ಮಿಲಾನ್‌ನಿಂದ ಫ್ಲಾರೆನ್ಸ್‌ಗೆ ಎರಡು ಗಂಟೆ, ಅಲ್ಲಿಂದ ರೋಮ್‌ಗೆ ಒಂದೂವರೆ ಗಂಟೆ, ಎರಡೂ ವೇಗದ ರೈಲು.

ಈಗ ಪ್ರತಿ ಸಾಲಿನ ಮುಂದೆ "ಏರುವ ದರ" ಅಥವಾ "ಏರದ ದರ" ಅಂತ ಗುರುತು ಹಾಕಿ. ಯೂರೋಸ್ಟಾರ್, ಟಿಜಿವಿ, ಜರ್ಮನಿಯ ಐಸಿಇ, ಇಟಲಿಯ ಫ್ರೆಚ್ಚಾರೊಸ್ಸಾ ಮತ್ತು ಇಟಾಲೊ, ದೇಶ ದಾಟುವ ಯೂರೋಸಿಟಿ, ರಾತ್ರಿ ರೈಲುಗಳು, ಇವೆಲ್ಲ ಏರುವ ದರದವು. ಸ್ವಿಟ್ಜರ್ಲೆಂಡಿನ ಒಳಗಿನ ಸಾಮಾನ್ಯ ಟಿಕೆಟ್, ಇಟಲಿಯ ರೀಜನಲ್ ರೈಲು (ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹೋಗುತ್ತೀರಲ್ಲ, ಅದು), ಇವು ಏರುವುದಿಲ್ಲ. ನಮ್ಮ ಹಾಳೆಯಲ್ಲಿ ಮುಂಚೆ ಕೊಳ್ಳಲೇಬೇಕಾದದ್ದು ಐದೇ ಪ್ರಯಾಣದ ಟಿಕೆಟ್. ಮಿಕ್ಕದ್ದನ್ನೆಲ್ಲ ಅಲ್ಲಿ ಹೋಗಿಯೇ ಕೊಂಡೆವು. ಮಳೆ ಬಂದರೆ, ಅಮ್ಮನಿಗೆ ಕಾಲು ನೋವು ಅಂದರೆ, ಅವತ್ತಿನ ಯೋಜನೆ ಬದಲಾಯಿಸುವುದಕ್ಕೂ ಜಾಗ ಇತ್ತು.

ಮಕ್ಕಳ ವಯಸ್ಸು: ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಯಾವ ವಯಸ್ಸಿನವರೆಗೆ "ಮಗು" ಅನ್ನುವುದು ಒಂದೊಂದು ದೇಶಕ್ಕೆ ಒಂದೊಂದು ಥರ.

ಫ್ರಾನ್ಸಿನ ರೈಲಿನಲ್ಲೂ ಯೂರೋಸ್ಟಾರ್‌ನಲ್ಲೂ ಮಕ್ಕಳ ದರ 4ರಿಂದ 11 ವರ್ಷಕ್ಕೆ. 4ಕ್ಕಿಂತ ಚಿಕ್ಕವರು ತೊಡೆ ಮೇಲೆ ಕೂತರೆ ಉಚಿತ. ನಮ್ಮ ಮಗಳಿಗೆ 13, ಹಾಗಾಗಿ ಅಲ್ಲಿ ಅವಳು ಮಗುವಲ್ಲ, ಮಕ್ಕಳ ದರ ಸಿಗುವುದಿಲ್ಲ. ಜರ್ಮನಿಯಲ್ಲಿ 6ಕ್ಕಿಂತ ಕೆಳಗಿನವರು ಉಚಿತ, 6ರಿಂದ 14ರ ಮಕ್ಕಳು ದೊಡ್ಡವರ ಜೊತೆ ಒಂದೇ ಟಿಕೆಟಿನಲ್ಲಿದ್ದರೆ ಅವರೂ ಉಚಿತ. ಆದರೆ ಬುಕ್ ಮಾಡುವಾಗಲೇ ಮಕ್ಕಳನ್ನು ಸೇರಿಸಿರಬೇಕು, "ಹೇಗೂ ಫ್ರೀ ಅಲ್ವಾ" ಅಂತ ಬಿಟ್ಟರೆ ರೈಲಿನಲ್ಲಿ ಟಿಸಿ ಬಂದಾಗ ತೊಂದರೆ. ಸ್ವಿಟ್ಜರ್ಲೆಂಡಿನಲ್ಲಿ 6ಕ್ಕಿಂತ ಕೆಳಗೆ ಉಚಿತ, 16 ತುಂಬುವವರೆಗೆ ಅರ್ಧ ದರ. ಪ್ರವಾಸಿಗಳ ಸ್ವಿಸ್ ಟ್ರಾವೆಲ್ ಪಾಸ್ ಅಪ್ಪ ಅಮ್ಮನ ಹತ್ತಿರ ಇದ್ದರೆ ಜೊತೆಗೆ ಫ್ಯಾಮಿಲಿ ಕಾರ್ಡ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ 6ರಿಂದ 15ರ ಮಕ್ಕಳು ದುಡ್ಡಿಲ್ಲದೆ ಓಡಾಡಬಹುದು. ಪಾಸ್ ಕೊಳ್ಳುವಾಗಲೇ ಅದನ್ನೂ ಸೇರಿಸಿಕೊಳ್ಳಿ.

ಇಟಲಿಯದು ಇನ್ನೂ ಬೇರೆ. ಅಲ್ಲಿನ ಸರ್ಕಾರಿ ರೈಲ್ವೆ ಟ್ರೆನಿಟಾಲಿಯದಲ್ಲಿ "ಬಿಂಬಿ ಗ್ರಾಟಿಸ್" ಅಂತ ಒಂದು ದರ ಇದೆ, ಅಂದರೆ ಮಕ್ಕಳು ಉಚಿತ. 2ರಿಂದ 5 ಜನರ ಗುಂಪಿನಲ್ಲಿ 15ಕ್ಕಿಂತ ಕೆಳಗಿನವರಿಗೆ ದುಡ್ಡಿಲ್ಲ, ಆದರೆ ದೊಡ್ಡವರು ಪೂರ್ಣ ಬೇಸ್ ದರ ಕೊಡಬೇಕು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ: ಮಿಲಾನ್‌ನಿಂದ ರೋಮ್‌ಗೆ ಬೇಸ್ ದರ ಸುಮಾರು 90 ಯೂರೋ ಅಂದುಕೊಂಡರೆ ಮೂವರು ದೊಡ್ಡವರಿಗೆ 270. ಮುಂಚೆಯೇ ನೋಡಿದಾಗ ಸೂಪರ್ ಎಕಾನಮಿ ಅನ್ನುವ ಅಗ್ಗದ ದರದಲ್ಲಿ 40 ಯೂರೋಗೆ ಸಿಕ್ಕಿದರೆ ಐದೂ ಜನಕ್ಕೆ ಸೇರಿ 200. ಉಚಿತದ್ದೇ ದುಬಾರಿ! ಆದರೆ ಹೊರಡುವ ಹಿಂದಿನ ವಾರ ಅಗ್ಗದ ಟಿಕೆಟ್ ಮುಗಿದಿರುತ್ತದೆ, ಆಗ ಇದೇ ಮಕ್ಕಳ ದರ ನಿಮ್ಮನ್ನು ಕಾಪಾಡುತ್ತದೆ. ಎರಡನ್ನೂ ಒಮ್ಮೆ ತೆರೆದು ಹೋಲಿಸಿ.

ಇನ್ನೊಂದು ಎಚ್ಚರಿಕೆ. ಪ್ರಯಾಣದ ದಿನ ಎಷ್ಟು ವಯಸ್ಸು ಅನ್ನುವುದೇ ಲೆಕ್ಕ, ಬುಕ್ ಮಾಡುವ ದಿನದ್ದಲ್ಲ. ಹಿಂದೊಮ್ಮೆ ಮಗಳ ಹನ್ನೆರಡನೇ ಹುಟ್ಟುಹಬ್ಬ ಪ್ರವಾಸದ ಮಧ್ಯೆ ಬಂತು. ನಾನು 11 ಅಂತ ಹಾಕಿ ಮಕ್ಕಳ ಟಿಕೆಟ್ ಕೊಂಡಿದ್ದೆ. ಮಧ್ಯವರ್ತಿ ವೆಬ್‌ಸೈಟಿನವರು ಬದಲಾಯಿಸಿಕೊಡಲಿಲ್ಲ. ಹೊಸ ಟಿಕೆಟ್ ಕೊಳ್ಳಬೇಕಾಯಿತು.

ಈ ವಯಸ್ಸಿನ ಲೆಕ್ಕ ದಾರಿಯನ್ನೇ ಬದಲಾಯಿಸಬಹುದು. 13-14ರ ಮಕ್ಕಳಿದ್ದು ಪ್ಯಾರಿಸ್ ನೋಡಲೇಬೇಕು ಅಂತ ಇಲ್ಲದಿದ್ದರೆ, ಆಮ್‌ಸ್ಟರ್‌ಡ್ಯಾಮ್‌ನಿಂದ ಕೊಲೋನ್, ಅಲ್ಲಿಂದ ರೈನ್ ನದಿ ಪಕ್ಕದಲ್ಲಿ ಬಾಸೆಲ್ ಅಂತ ಜರ್ಮನಿಯ ಮೇಲೆ ಹೋದರೆ ಕಡಿಮೆಗೆ ಆಗುವ ಸಾಧ್ಯತೆ ಜಾಸ್ತಿ.

ಪಾಸ್ ಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹಲವು ದೇಶಗಳ ರೈಲಿಗೆ ಒಂದೇ ಪಾಸ್ ಅಂದರೆ ಯೂರೇಲ್, ಅದು ಯುರೋಪಿನ ಹೊರಗೆ ವಾಸ ಮಾಡುವವರಿಗೆ. ಜರ್ಮನಿಯಲ್ಲೋ ನೆದರ್‌ಲೆಂಡ್ಸ್‌ನಲ್ಲೋ ಕೆಲಸದಲ್ಲಿರುವ ನಮ್ಮವರಿಗೆ ಅದೇ ಪಾಸ್ ಇಂಟರ್‌ರೇಲ್ ಅನ್ನುವ ಹೆಸರಲ್ಲಿ ಸಿಗುತ್ತದೆ. ಊರಿಂದ ಬಂದ ಅಪ್ಪ ಅಮ್ಮನ ಜೊತೆ ಹೊರಟರೆ ಅವರಿಗೆ ಯೂರೇಲ್, ನಿಮಗೆ ಇಂಟರ್‌ರೇಲ್. ಇದರಲ್ಲಿ ಗ್ಲೋಬಲ್ ಪಾಸ್ ಅನ್ನುವುದು 33 ದೇಶಗಳಲ್ಲಿ ನಡೆಯುತ್ತದೆ. 4ರಿಂದ 11ರ ಮಕ್ಕಳಿಗೆ ಉಚಿತ ಪಾಸ್, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳವರೆಗೆ. 12ರಿಂದ 27ಕ್ಕೆ ಯುವ ದರ, 60 ದಾಟಿದವರಿಗೆ ಸ್ವಲ್ಪ ರಿಯಾಯಿತಿ.

ಸಿಕ್ಕಿಬೀಳುವುದು ಎಲ್ಲಿ ಅಂದರೆ, ಪಾಸ್ ಇದ್ದ ಮಾತ್ರಕ್ಕೆ ಸೀಟು ಇಲ್ಲ. ಯೂರೋಸ್ಟಾರ್, ಟಿಜಿವಿ, ಫ್ರೆಚ್ಚಾರೊಸ್ಸಾ ಇವಕ್ಕೆ ಪಾಸಿನ ಮೇಲೆ ರಿಸರ್ವೇಶನ್ ದುಡ್ಡು ಬೇರೆ, ಅದೂ ತಲೆಗೆ ಇಷ್ಟು ಅಂತ, ಉಚಿತ ಪಾಸಿನ ಮಗುವಿಗೂ. ಯೂರೋಸ್ಟಾರ್‌ನಲ್ಲಿ ಪಾಸಿನವರಿಗೆ ಇಟ್ಟ ಸೀಟುಗಳು ಬೇಗ ಮುಗಿಯುತ್ತವೆ. ಇಟಾಲೊದಲ್ಲಿ ಯೂರೇಲ್ ನಡೆಯುವುದೇ ಇಲ್ಲ. ನಮ್ಮ ದಾರಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ರಿಸರ್ವೇಶನ್ ಬೇಡುವ ರೈಲುಗಳೇ. ಬಿಡಿ ಟಿಕೆಟ್ ಮುಂಚೆ ಕೊಂಡರೆ ಪಾಸಿಗಿಂತ ಎಷ್ಟೋ ಕಡಿಮೆ ಆಯಿತು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸುತ್ತುತ್ತಾ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋಣ ಅಂತ ನಿರ್ಧರಿಸುವವರಿಗೆ, ಜೊತೆಗೆ ಹನ್ನೆರಡರೊಳಗಿನ ಮಕ್ಕಳಿದ್ದರೆ, ಪಾಸ್ ತುಂಬ ಚೆನ್ನ. ಅಲ್ಲಿನ ಬಹುತೇಕ ರೈಲುಗಳಿಗೆ ರಿಸರ್ವೇಶನ್ ಕಡ್ಡಾಯವಲ್ಲ.

ಸ್ವಿಸ್ ಟ್ರಾವೆಲ್ ಪಾಸ್ ಬೇರೆಯದೇ ಲೆಕ್ಕ. 3, 4, 6, 8, 15 ದಿನಗಳಿಗೆ ಸಿಗುತ್ತದೆ. ರೈಲು ಮಾತ್ರ ಅಲ್ಲ, ಬಸ್, ಸರೋವರದ ದೋಣಿ, ಊರೊಳಗಿನ ಟ್ರಾಮ್, 500ಕ್ಕೂ ಹೆಚ್ಚು ಮ್ಯೂಸಿಯಂ ಎಲ್ಲ ಸೇರುತ್ತದೆ. ಲುಝರ್ನ್ ಹತ್ತಿರದ ರೀಗಿ ಬೆಟ್ಟ ಪೂರ್ತಿ ಸೇರಿದೆ. ಹಿಮದ ಬೆಟ್ಟದ ಮೇಲಿನ ಯುಂಗ್‌ಫ್ರಾಯೋಕ್‌ಗೆ ಮಾತ್ರ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ ಪಾಸ್, ಅಲ್ಲಿಂದ ಮೇಲಕ್ಕೆ ರಿಯಾಯಿತಿ ದರದ ಟಿಕೆಟ್ ಕೊಳ್ಳಬೇಕು. ಅಮ್ಮನಿಗೆ ಬೆಟ್ಟಕ್ಕಿಂತ ದೋಣಿಯೇ ಇಷ್ಟವಾಯಿತು. ಲುಝರ್ನ್ ಸರೋವರದಲ್ಲಿ ಎರಡು ದಿನ ಓಡಾಡಿದೆವು, ಒಂದು ಬಾರಿಯೂ ಟಿಕೆಟ್ ಕಿಟಕಿ ಹತ್ತಿರ ಹೋಗಲಿಲ್ಲ. ಈ ಪಾಸನ್ನು ಮುಂಚೆ ಕೊಂಡರೆ ಕಡಿಮೆ ಅಂತ ಇಲ್ಲ, ಹಾಗಾಗಿ ವೀಸಾ ಬಂದ ಮೇಲೆ ನಿಧಾನವಾಗಿ ಕೊಳ್ಳಿ. ಪ್ಯಾರಿಸ್‌ನಿಂದ ಬರುವಾಗ ಅವತ್ತಿನಿಂದಲೇ ಪಾಸ್ ಶುರುವಾದರೆ ಬಾಸೆಲ್‌ವರೆಗೆ ಮಾತ್ರ ಟಿಕೆಟ್ ಸಾಕು. ಮಿಲಾನ್‌ಗೆ ಹೋಗುವ ದಿನ ಎರಡು ದಾರಿ: ಪಾಸ್ ಗಡಿಯ ಕಿಯಾಸ್ಸೊವರೆಗೆ ನಡೆಯುತ್ತದೆ, ಅಲ್ಲಿಂದ ಮುಂದಕ್ಕೆ ಟಿಕೆಟ್ ಮತ್ತು ರಿಸರ್ವೇಶನ್ ಕೊಳ್ಳಬಹುದು, ಇಲ್ಲವೇ ಸ್ವಿಸ್ ರೈಲ್ವೆಯ ಆಪ್‌ನಲ್ಲಿ ಲುಝರ್ನ್‌ನಿಂದ ಮಿಲಾನ್‌ಗೆ ಇಡೀ ದಾರಿಯ ಸೂಪರ್‌ಸೇವರ್ ಅನ್ನುವ ಅಗ್ಗದ ಟಿಕೆಟ್ ನೋಡಬಹುದು. ಅದು ಸಿಕ್ಕಿದರೆ ಪಾಸಿನ ಒಂದು ದಿನವೇ ಉಳಿಯುತ್ತದೆ.

ವೀಸಾ ಮೊದಲೋ ಟಿಕೆಟ್ ಮೊದಲೋ

ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಇದೇ ನಿಜವಾದ ತಲೆನೋವು. ಅಗ್ಗದ ಟಿಕೆಟ್‌ಗೆ ರೀಫಂಡ್ ಇಲ್ಲ. ವೀಸಾ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಶೆಂಗೆನ್ ವೀಸಾಗೆ (ಯುರೋಪಿನ ಹೆಚ್ಚಿನ ದೇಶಗಳಿಗೆ ಸೇರಿ ಒಂದೇ ವೀಸಾ) ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆ ಗಡುವು 15 ದಿನ. ಜನ ಒಂದೂವರೆ ತಿಂಗಳು ಇರುವಾಗ ಓಡಾಡಲು ಶುರು ಮಾಡುತ್ತಾರೆ, ಅಷ್ಟರಲ್ಲಿ ಟಿಕೆಟ್ ದರ ಹತ್ತಿ ಕೂತಿರುತ್ತದೆ. ಏಪ್ರಿಲ್ ಕೊನೆಗೆ ಹೊರಡುವುದಾದರೆ ಡಿಸೆಂಬರ್ ಅಥವಾ ಜನವರಿಯಲ್ಲೇ ವೀಸಾ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ. ಆ ಹಾಳೆ ಬರೆದುಕೊಂಡಿರಲ್ಲ, ಅದನ್ನೇ ಚೆನ್ನಾಗಿ ಟೈಪ್ ಮಾಡಿ ಪ್ರಯಾಣದ ಯೋಜನೆ ಅಂತ ಲಗತ್ತಿಸಿ. ರೈಲು ಟಿಕೆಟ್ ತೋರಿಸಲೇಬೇಕು ಅನಿಸಿದರೆ ಕ್ಯಾನ್ಸಲ್ ಮಾಡಬಹುದಾದ ದರದ್ದನ್ನೇ ಕೊಳ್ಳಿ. ಐದು ಜನಕ್ಕೆ ರೀಫಂಡ್ ಇಲ್ಲದ ಟಿಕೆಟ್ ಕೊಂಡು ವೀಸಾಗೆ ಕಾಯುವುದು ಬೇಡ, ಒಬ್ಬರ ಪಾಸ್‌ಪೋರ್ಟ್ ತಡವಾದರೂ ಎಲ್ಲರದ್ದೂ ಹೋಗುತ್ತದೆ.

ಲಂಡನ್ ಸೇರಿಸುವವರಿಗೆ ಒಂದು ಮಾತು: ಶೆಂಗೆನ್ ವೀಸಾ ಬ್ರಿಟನ್‌ಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ವೀಸಾ. ಲಂಡನ್‌ನ ಯೂರೋಸ್ಟಾರ್ ಹತ್ತುವ ಮುಂಚೆ ವಿಮಾನ ನಿಲ್ದಾಣದ ಹಾಗೆ ಪಾಸ್‌ಪೋರ್ಟ್ ತಪಾಸಣೆ ಇರುತ್ತದೆ, ಒಂದು ಗಂಟೆಗಿಂತ ಮುಂಚೆಯೇ ಹೋಗಿ.

ಕೊಳ್ಳುವ ದಿನ

ವೀಸಾ ಬಂತು. ಈಗ ಒಂದೇ ಸಂಜೆ ಕೂತು ಏರುವ ದರದ ಟಿಕೆಟ್‌ಗಳನ್ನೆಲ್ಲ ಕೊಂಡುಬಿಡಿ. ಯಾವುದು ಬೇಗ ಏರುತ್ತದೋ ಅದು ಮೊದಲು: ನಮ್ಮ ದಾರಿಯಲ್ಲಿ ಯೂರೋಸ್ಟಾರ್, ಆಮೇಲೆ ಲೀರಿಯಾ, ಆಮೇಲೆ ಇಟಲಿ. ಈಸ್ಟರ್ ವಾರ, ಮೇ 1, ಮೇ ತಿಂಗಳ ಬೇರೆ ಹಬ್ಬದ ರಜೆಗಳಲ್ಲಿ ಅಲ್ಲಿಯವರೂ ಊರೂರು ಹೊರಡುತ್ತಾರೆ, ಆ ದಿನ ಬಿಟ್ಟು ಒಂದು ದಿನ ಹಿಂದೆ ಮುಂದೆ ಮಾಡಿದರೆ ದರದಲ್ಲಿ ತುಂಬಾ ವ್ಯತ್ಯಾಸ. ಕ್ರಿಸ್‌ಮಸ್ ರಜೆಗೆ ಹೋಗುವವರು ಇದನ್ನು ನೆನಪಿಡಿ, ಯುರೋಪಿನ ರೈಲು ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಎರಡನೇ ಶನಿವಾರ ರಾತ್ರಿ ಬದಲಾಗುತ್ತದೆ, ಅದರ ಆಚೆಯ ಟಿಕೆಟ್ ಸ್ವಲ್ಪ ತಡವಾಗಿ ತೆರೆಯುವುದುಂಟು. ರೈಲು ಕಾಣದಿದ್ದರೆ "ಇಲ್ಲ" ಅಂದುಕೊಳ್ಳಬೇಡಿ, ಇನ್ನೂ ಹಾಕಿಲ್ಲ ಅಷ್ಟೇ.

ಎಲ್ಲಿ ಕೊಳ್ಳುವುದು? ಸಾಧ್ಯವಾದಷ್ಟೂ ಆಯಾ ರೈಲ್ವೆಯ ಸ್ವಂತ ವೆಬ್‌ಸೈಟಿನಲ್ಲಿ. ಟ್ರೇನ್‌ಲೈನ್, ರೇಲ್ ಯೂರೋಪ್, ಓಮಿಯೊ ಥರದವುಗಳಲ್ಲಿ ಎಲ್ಲ ದೇಶದ್ದೂ ಒಂದೇ ಕಡೆ ಸಿಗುತ್ತದೆ, ಇಂಗ್ಲಿಷ್ ಸುಲಭ, ಆದರೆ ಸೇವಾ ಶುಲ್ಕ ಇರಬಹುದು. ಕ್ಯಾನ್ಸಲ್ ಮಾಡಬೇಕಾದಾಗ ರೈಲ್ವೆ ಅವರತ್ತ, ಅವರು ರೈಲ್ವೆಯತ್ತ ಕೈ ತೋರಿಸುತ್ತಾರೆ.

ದುಡ್ಡು ಕಟ್ಟುವಾಗ ನಮ್ಮವರು ಸೋಲುವುದು ಕಾರ್ಡಿನಲ್ಲಿ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಆಫ್ ಆಗಿಯೇ ಬರುತ್ತದೆ. ಬ್ಯಾಂಕ್ ಆಪ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿಯನ್ನೂ ಏರಿಸಿ. ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ಕಟ್ಟಿ. ಒಟಿಪಿ ಬರುವುದು ಇಲ್ಲಿನ ಸಿಮ್‌ಗೆ, ಹಾಗಾಗಿ ದೊಡ್ಡ ಖರೀದಿಯನ್ನು ಊರಿಂದಲೇ ಮುಗಿಸಿ.

ಆಮೇಲೆ ಹೆಸರು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಇಲ್ಲಾ ಅಪ್ಪನ ಹೆಸರೋ ಊರ ಹೆಸರೋ ಇನಿಷಿಯಲ್ ಆಗಿರುತ್ತದೆ. ಅಲ್ಲಿನ ಫಾರ್ಮ್ ಎರಡೂ ಕೇಳುತ್ತದೆ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಹೆಸರಿನಲ್ಲಿ ಎರಡು ಪದ ಇದ್ದರೆ ಒಡೆದು ಎರಡೂ ಕಡೆ ಹಾಕಿ. ಒಂದೇ ಪದ ಇದ್ದರೆ ಅದನ್ನೇ ಎರಡು ಸಲ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಪದ ಮಾತ್ರ ಸೇರಿಸಬೇಡಿ. ಅಮ್ಮನ ಹೆಸರಿಗೆ ನಾವು ಹೀಗೇ ಮಾಡಿದೆವು, ಯಾರೂ ಏನೂ ಕೇಳಲಿಲ್ಲ.

ನಿಲ್ದಾಣದ ಹೆಸರು ಸ್ಥಳೀಯ ಭಾಷೆಯಲ್ಲಿ ಇರುತ್ತದೆ. ಫ್ಲಾರೆನ್ಸ್ ಅಂದರೆ ಫಿರೆಂಝೆ, ಅಲ್ಲಿ ಸಾಂಟಾ ಮರಿಯಾ ನೊವೆಲ್ಲ ಊರ ಮಧ್ಯದ್ದು. ವೆನಿಸ್ ಅಂದರೆ ವೆನೇಝಿಯ, ಸಾಂಟಾ ಲುಚೀಯ ನೀರಿನ ನಡುವಿನ ಊರಲ್ಲಿದೆ, ಮೆಸ್ತ್ರೆ ದಡದಲ್ಲೇ ಉಳಿಯುತ್ತದೆ. ಬಾಸೆಲ್‌ನಲ್ಲಿ ಸ್ವಿಸ್ ನಿಲ್ದಾಣ ಬೇರೆ, ಜರ್ಮನಿಯವರ ಬಾಡಿಷರ್ ನಿಲ್ದಾಣ ಬೇರೆ. ಪ್ಯಾರಿಸ್‌ನಲ್ಲಂತೂ ಆಮ್‌ಸ್ಟರ್‌ಡ್ಯಾಮ್ ರೈಲು ಬರುವುದು ಗಾರ್ ದ್ಯು ನೋರ್‌ಗೆ, ಸ್ವಿಟ್ಜರ್ಲೆಂಡ್ ರೈಲು ಹೊರಡುವುದು ಗಾರ್ ದ ಲಿಯೋನ್‌ನಿಂದ. ವೀಗೋ (OUIGO) ಅನ್ನುವ ಅಗ್ಗದ ಟಿಜಿವಿಯ ಕೆಲವು ರೈಲುಗಳು ಊರ ಹೊರಗಿನ ನಿಲ್ದಾಣದಿಂದ ಹೊರಡುತ್ತವೆ, ದೊಡ್ಡ ಸೂಟ್‌ಕೇಸಿಗೆ ಬೇರೆ ದುಡ್ಡು. ಐದು ಜನ ಲಗೇಜ್ ಸಮೇತ ಅಲ್ಲಿಗೆ ಹೋಗುವ ಖರ್ಚು ಸೇರಿಸಿದರೆ ಅಗ್ಗ ಎಲ್ಲಿ ಉಳಿಯಿತು?

ಐದೂ ಸೀಟು ಒಟ್ಟಿಗೆ ಬೇಕಾದರೆ ಐದನ್ನೂ ಒಂದೇ ಬುಕಿಂಗ್‌ನಲ್ಲಿ ಕೊಳ್ಳಿ, ಮೇಜಿನ ಸುತ್ತ ಎದುರುಬದುರು ನಾಲ್ಕು ಸೀಟು ಸಿಕ್ಕಿದರೆ ಊಟಕ್ಕೆ ಅನುಕೂಲ. ಜರ್ಮನಿಯಲ್ಲಿ ಟಿಕೆಟ್ ಬೇರೆ, ಸೀಟಿನ ರಿಸರ್ವೇಶನ್ ಬೇರೆ, ವಯಸ್ಸಾದವರಿದ್ದರೆ ಖಂಡಿತ ಮಾಡಿಸಿ. ಸ್ವಿಟ್ಜರ್ಲೆಂಡಿನ ಎರಡಂತಸ್ತಿನ ರೈಲುಗಳಲ್ಲಿ ಮಕ್ಕಳಿಗೆ ಆಟದ ಜಾಗ ಇರುವ ಫ್ಯಾಮಿಲಿ ಬೋಗಿ ಸಿಗುತ್ತದೆ. ಮಗ ಅಲ್ಲಿಂದ ಇಳಿಯಲು ಒಪ್ಪಲೇ ಇಲ್ಲ.

ಟಿಕೆಟ್ ಎಲ್ಲ ಬಂದ ರಾತ್ರಿ ಅಮ್ಮ ಕೇಳಿದ್ದು ಒಂದೇ: "ಬರ್ತ್ ಕನ್ಫರ್ಮ್ ಆಯ್ತೇನೋ?" ಹಗಲು ರೈಲು, ಬರ್ತ್ ಇಲ್ಲಮ್ಮ, ಸೀಟು ಕನ್ಫರ್ಮ್ ಅಂದೆ. ರಾತ್ರಿ ರೈಲು ಬೇಕಾದವರು ಆಸ್ಟ್ರಿಯಾದ ನೈಟ್‌ಜೆಟ್ ನೋಡಿ, ಬರ್ತ್‌ಗಳಿರುವ ಕುಷೆಟ್ ಬೋಗಿಯಲ್ಲಿ ಒಂದಿಡೀ ಕೋಣೆ ಮನೆಯವರಿಗೇ ಬುಕ್ ಮಾಡಬಹುದು. ಅದು ಬೇಗ ತುಂಬುತ್ತದೆ.

ರೈಲು ಹತ್ತುವ ದಿನ

ಎಲ್ಲ ಟಿಕೆಟ್‌ಗಳ ಪಿಡಿಎಫ್ ಇಬ್ಬರ ಫೋನಿನಲ್ಲಿ ಇಳಿಸಿಡಿ, ಒಂದು ಪ್ರಿಂಟ್ ಕೂಡ. ಪಾಸ್‌ಪೋರ್ಟ್ ಸೂಟ್‌ಕೇಸಿನಲ್ಲಿ ಬೇಡ, ಮೈಮೇಲೆ ಇರಲಿ. ಶೆಂಗೆನ್ ಒಳಗೆ ಗಡಿ ದಾಟಿದರೂ ಮಾಮೂಲಿ ತಪಾಸಣೆ ಇಲ್ಲ, ಆದರೆ ಪೊಲೀಸರು ರೈಲಿನಲ್ಲಿ ಕೇಳಬಹುದು. ಫ್ರಾನ್ಸಿನಲ್ಲಿ ಪ್ರತಿ ಲಗೇಜಿಗೂ ಹೆಸರಿನ ಚೀಟಿ ಕಡ್ಡಾಯ. ರೈಲು ನಡುವಿನ ನಿಲ್ದಾಣದಲ್ಲಿ ಎರಡು ಮೂರು ನಿಮಿಷ ಮಾತ್ರ ನಿಲ್ಲುತ್ತದೆ, ಕೂಲಿಗಳು ಇರುವುದಿಲ್ಲ. ನಿಮ್ಮ ಕೈಯಲ್ಲಿ ಎತ್ತಲಾಗದ ಪೆಟ್ಟಿಗೆ ತರಬೇಡಿ.

ಫ್ರಾನ್ಸ್, ಇಟಲಿಯಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಹೊರಡುವ ಸ್ವಲ್ಪ ಮುಂಚೆಯಷ್ಟೇ ಬೋರ್ಡಿನಲ್ಲಿ ಬರುತ್ತದೆ. ಗಾಬರಿ ಬೇಡ, ಬೋಗಿ ನಂಬರ್ ಮೊದಲೇ ನೋಡಿಟ್ಟುಕೊಂಡಿರಿ. ಇಟಲಿಯಲ್ಲಿ ಟ್ರೆನಿಟಾಲಿಯ ಟಿಕೆಟ್ ಹಿಡಿದು ಇಟಾಲೊ ಹತ್ತಿದರೆ ದಂಡ, ಎರಡೂ ಬೇರೆ ಬೇರೆ ಕಂಪನಿ, ಮಿಲಾನ್‌ನಲ್ಲಿ ಅಕ್ಕಪಕ್ಕವೇ ನಿಂತಿರುತ್ತವೆ. ರೀಜನಲ್ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಫೋನಿನ ಟಿಕೆಟ್ ಆದರೆ ಚೆಕ್‌ಇನ್ ಒತ್ತಬೇಕು. ಮುಷ್ಕರ ಇದೆಯೇ ಅಂತ ಎರಡು ದಿನ ಮುಂಚೆ ನೋಡಿಕೊಳ್ಳಿ. ಇಟಲಿಯಲ್ಲಿ ಮುಷ್ಕರದ ದಿನವೂ ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ನಿಗದಿತ ರೀಜನಲ್ ರೈಲುಗಳು ಓಡುತ್ತವೆ.

ತಡವಾದರೆ? ಒಂದೇ ಟಿಕೆಟಿನಲ್ಲಿ ಎರಡು ರೈಲು ಇದ್ದು ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ರೈಲಿಗೆ ಕಳಿಸುವುದು ಅವರ ಜವಾಬ್ದಾರಿ. ಬೇರೆ ಬೇರೆ ಕೊಂಡಿದ್ದರೆ ಆ ಭರವಸೆ ಇಲ್ಲ, ಹಾಗಾಗಿ ನಡುವೆ ಒಂದು ಗಂಟೆಯಾದರೂ ಬಿಡಿ, ವಯಸ್ಸಾದವರು ಮಕ್ಕಳು ಇದ್ದರೆ ಇನ್ನೂ ಜಾಸ್ತಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ 60 ನಿಮಿಷಕ್ಕೆ ಮೇಲೆ ತಡವಾದರೆ ಟಿಕೆಟ್ ದರದ 25 ಶೇಕಡಾ, 120 ನಿಮಿಷ ದಾಟಿದರೆ 50 ಶೇಕಡಾ ವಾಪಸ್ ಕೇಳಬಹುದು. ಅರ್ಜಿಯನ್ನು ಊರಿಗೆ ಬಂದ ಮೇಲೂ ಆನ್‌ಲೈನ್‌ನಲ್ಲೇ ಹಾಕಬಹುದು, ಅಲ್ಲಿಯವರೆಗೆ ಟಿಕೆಟ್ ಫೈಲ್ ಅಳಿಸಬೇಡಿ.